ಹಡಗಿಗೆ ತುಂಬಿದ ಗಾಳಿ

ಕಡಲ ಗಾಳಿಯನ್ನು ದ್ರವವಾಗಿಸಿ ವಿದೇಶಕ್ಕೆ ಕಳಿಸುವ ಸ್ಥಾವರ ಬಂದ ಮೇಲೆ, ಹಡಗು ತುಂಬುವ ದಿನಗಳಲ್ಲಿ ಊರಿನ ಎಲೆಯೂ ಅಲುಗುತ್ತಿರಲಿಲ್ಲ. ಇದು ನಾಲ್ಕನೇ ದಿನ. ಸುಮತಿ ಖಾರ್ವಿ ಮರಳ ಮೇಲೆ ಹರವಿದ್ದ ಉಪ್ಪುಮೀನು ಒಣಗದೆ ಬೆವರುತ್ತಿತ್ತು. ಸಂಜೆಯೊಳಗೆ ಕೊಳೆಯುವುದು ಖಂಡಿತ.

“ಮಾನ್ಯ ನಾಗರಿಕರೇ, ಗಾಳಿ ನಾಳೆ ಬೀಸಲಿದೆ, ಸಹಕರಿಸಿ,” ಎಂದು ಪಕ್ಕದ ಮನೆಯ ದೇವಕಿ ಮೂಗು ಹಿಡಿದು ಸ್ಥಾವರದ ಮೈಕಿನಂತೆಯೇ ಉಲಿದಳು.

“ಸಾಕ್ ಮಾರಾಯ್ತಿ, ನಗೂಕೂ ತ್ರಾಣ ಇಲ್ಲ,” ಎಂದ ಸುಮತಿ, ಪರಿಹಾರವೆಂದು ಮನೆಗೆ ವರ್ಷಕ್ಕೊಂದು ಕೊಡುವ ಗಾಳಿಯ ಸಿಲಿಂಡರನ್ನು ಹೊತ್ತು ತಂದು ಮೀನಿನತ್ತ ತಿರುಗಿಸಿದಳು.

ಗಾಳಿ ಹೊರಟದ್ದೇ ತಡ, ದೇವಕಿ ಮೀನಿಗೆ ಅಡ್ಡವಾಗಿಯೇ ಕೂತುಬಿಟ್ಟಳು. ಅವಳ ಅತ್ತೆ ಬಂದರು. ಆಚೆಮನೆಯ ಬಾಣಂತಿ ಮಗುವನ್ನೆತ್ತಿಕೊಂಡು ಬಂದಳು.

“ಏಳಿ” ಎನ್ನಲು ಬಾಯಿ ತೆರೆದ ಸುಮತಿ, ನಾಲ್ಕು ದಿನ ಅತ್ತು ಈಗಷ್ಟೇ ನಿದ್ದೆ ಹತ್ತಿದ ಮಗುವನ್ನು ನೋಡಿದಳು.

“ಹ್ವಾಯ್, ನಂಗೂ ಚೂರ್ ಜಾಗ ಕೊಡಿ,” ಎಂದು ಮೀನಿಗೆ ಬೆನ್ನು ಹಾಕಿ ಕುಳಿತಳು.