ಶೆಡ್ಡಿನಲ್ಲಿ ಆಟ

“ಇವತ್ತು ಆಗೂದಿಲ್ಲ ಭಾಸ್ಕರಣ್ಣ, ಆಟ ಅದೆ” ಎಂದು ಪ್ರದೀಪ ಹೆಗಡೆ ಫೋನಿನಲ್ಲಿ ಹೇಳಿದ್ದೇ ತಪ್ಪಾಯಿತು. ಅತ್ತ ತೆಂಗಿನಗುಂಡಿ ಬಂದರಿನಲ್ಲಿ ಭಾಸ್ಕರನ ಮೀನು ಬೋಟು ಮಳೆಗಾಲದ ಎರಡು ತಿಂಗಳ ರಜೆ ಮುಗಿಸಿ ನಾಳೆ ಸಮುದ್ರಕ್ಕೆ ಹೋಗಬೇಕು. ನೀರೊಳಗೆ ಅದರ ಫ್ಯಾನು ತಿರುಗಿಸುವ ಕಪ್ಲಿಂಗಿಗೆ ಆರು ತೂತು ಕೊರೆದುಕೊಡುತ್ತೇನೆಂದು ಪ್ರದೀಪ ವಾರದಿಂದ ಹೇಳುತ್ತಿದ್ದ. ಈಗ ನೋಡಿದರೆ ಆಟವಂತೆ. ಯಕ್ಷಗಾನಕ್ಕೆ ಆಟ ಎನ್ನುವ ಸೀಮೆಯಲ್ಲಿ ಹುಟ್ಟಿದ ಭಾಸ್ಕರನಿಗೆ ಬೇರೆ ಅರ್ಥ ಹೊಳೆಯುವುದಾದರೂ ಹೇಗೆ?

“ಈ ಮಳೆಯಲ್ಲಿ ಎಂತಾ ಆಟ ಮಾರಾಯ್ರೆ? ಎಲ್ಲಿ?”

“ಇಲ್ಲೇ, ನಮ್ಮ ಶೆಡ್ಡಲ್ಲೇ. ಬೆಳಿಗ್ಗೆಯಿಂದ ಅದೇ ಆಗ್ತಾ ಅದೆ.”

ಭಾಸ್ಕರ ಫೋನು ಕಿಸೆಗೆ ಹಾಕಿ, ಬೈಕು ಹತ್ತಿ, ಭಟ್ಕಳದ ಕಡೆ ಹೊರಟ.

ಹೆದ್ದಾರಿ ಬದಿಯ ಆ ಶೆಡ್ಡಿನಲ್ಲಿದ್ದದ್ದು ಪ್ರದೀಪನ ಅಪ್ಪನ ಕಾಲದ, ಕಬ್ಬಿಣ ಕೊರೆಯುವ ಮಿಲ್ಲಿಂಗ್ ಮೆಷಿನ್. ಮೂವತ್ತು ವರ್ಷ ಅದರ ಹಿಡಿಕೆ ತಿರುಗಿಸಿದವನು ಶನಿಯಾರ. ಮೇಜನ್ನು ಸರಿಸುವ ಹಳೆಯ ಸ್ಕ್ರೂ ಸವೆದು ಹೋಗಿ, ದಿಕ್ಕು ಬದಲಿಸಿದಾಗಲೆಲ್ಲ ಹಿಡಿಕೆ ಕಾಲು ಸುತ್ತು ಸುಮ್ಮನೆ ತಿರುಗುತ್ತಿತ್ತು, ಕೆಲಸದ ತುಂಡು ಕೂರಿಸುವ ಆ ಮೇಜು ಮಾತ್ರ ಮಿಸುಕುತ್ತಿರಲಿಲ್ಲ. ಆ ಸಡಿಲಕ್ಕೆ ಶನಿಯಾರ ಇಟ್ಟ ಹೆಸರು ಆಟ. ಆ ಕಾಲು ಸುತ್ತನ್ನು ಅವನ ಮುಂಗೈ ತಾನಾಗಿಯೇ ಹೆಚ್ಚಿಗೆ ತಿರುಗಿಸಿ ಸರಿಮಾಡಿಕೊಳ್ಳುತ್ತಿತ್ತು. ಬೇರೆ ಯಾರು ಮುಟ್ಟಿದರೂ ಕೆಲಸ ಕೆಡುತ್ತಿತ್ತು, ಹಾಗಾಗಿ ಯಾರೂ ಮುಟ್ಟುತ್ತಿರಲಿಲ್ಲ.

ಬೋಟುಗಳ ಈ ರಜೆಯಲ್ಲಿ ಪ್ರದೀಪ ಆ ಸ್ಕ್ರೂ ಕಿತ್ತು ಬಾಲ್ ಸ್ಕ್ರೂ ಕೂರಿಸಿದ್ದ. ಅದರ ನಟ್ಟಿನೊಳಗೆ ಸಾಲಾಗಿ ಸಣ್ಣ ಸಣ್ಣ ಗುಂಡುಗಳು. ಎಳ್ಳಷ್ಟೂ ಆಟವಿಲ್ಲ ಎಂದು ಮಾರಿದವರು ಆಣೆ ಹಾಕಿದ್ದರು. ಇನ್ನು ಹೇಳುವುದು ಕಂಪ್ಯೂಟರು, ತಿರುಗಿಸುವುದು ಮೋಟಾರು. ಬಿಚ್ಚಿದ ಹಿಡಿಕೆಯನ್ನು ಶನಿಯಾರನಿಗೇ ಕೊಟ್ಟು, ನೀ ಇನ್ನು ಆರಾಮ ಕೂತ್ಕೊ ಎಂದಿದ್ದ. ಒಳ್ಳೆಯ ಮನಸ್ಸಿನಿಂದಲೇ ಹೇಳಿದ್ದು, ಆದರೆ ಶನಿಯಾರನಿಗೆ ಅದು ಮನೆಗೆ ಹೋಗು ಎಂದಂತೆಯೇ ಕೇಳಿಸಿತು. ಹೆಂಡತಿ ಕಮಲಿಗೆ ಇನ್ನೂ ಹೇಳಿರಲಿಲ್ಲ. ಹಿಡಿಕೆಯನ್ನು ತೊಡೆಯ ಮೇಲಿಟ್ಟುಕೊಂಡು ಸ್ಟೂಲಿನ ಮೇಲೆ ಕೂತೇ ಇದ್ದ.

ಬೆಳಿಗ್ಗೆಯಿಂದ ಕಂಪ್ಯೂಟರು ಮೇಜನ್ನು ಹತ್ತು ಮಿಲಿಮೀಟರ್ ಮುಂದೆ ಕಳಿಸಿ ಹತ್ತು ಹಿಂದೆ ಕರೆದರೆ, ಅದು ಹೊರಟ ಜಾಗ ಇನ್ನೂ ಕಾಲು ಮಿಲಿಮೀಟರ್ ದೂರ ಇರುವಾಗಲೇ ನಿಂತುಬಿಡುತ್ತಿತ್ತು. ಪ್ರದೀಪ ತಲೆ ಕೆರೆದುಕೊಂಡ, ವಯರು ಬದಲಿಸಿದ, ಮಾರಿದವರಿಗೆ ಎರಡು ಸಲ ಫೋನು ಮಾಡಿ ಬಯ್ದ. ಪ್ರತಿ ಸಲ ತಪ್ಪಿದಾಗಲೂ ಶನಿಯಾರನಿಗೆ ಒಳಗೊಳಗೇ ಖುಷಿ. ಆಟ ಇರುವ ತನಕ ತಾನೂ ಬೇಕು. ಇಂಥ ಖುಷಿ ಒಳ್ಳೆಯದಲ್ಲ ಎಂದು ಗೊತ್ತಿದ್ದೂ ಅವನು ಅದನ್ನು ಬಿಡಲಿಲ್ಲ.

ಅಷ್ಟರಲ್ಲಿ ಭಾಸ್ಕರ ನೀರು ಸುರಿಸಿಕೊಂಡು ಒಳಗೆ ಬಂದ. ಚಂಡೆಯಿಲ್ಲ, ಮದ್ದಳೆಯಿಲ್ಲ, ಪರದೆಯೂ ಇಲ್ಲ.

“ಎಲ್ಲದೆ ಆಟ?”

“ಇಲ್ಲಿ ನೋಡಿ” ಎಂದು ಪ್ರದೀಪ ಗಡಿಯಾರದಂಥ ಡಯಲಿನ ಮುಳ್ಳು ತೋರಿಸಿದ. “ಕಾಲು ಮಿಲಿಮೀಟರ್.”

ಭಾಸ್ಕರ ಬಗ್ಗಿ ನೋಡಿದ. ಇಷ್ಟು ಸಣ್ಣ ಆಟವನ್ನು ಅವನು ಜನ್ಮದಲ್ಲಿ ಕಂಡಿರಲಿಲ್ಲ. ಬಯ್ಯಲೆಂದು ದಾರಿಯುದ್ದಕ್ಕೂ ಜೋಡಿಸಿಕೊಂಡು ಬಂದ ಮಾತೆಲ್ಲ ದಂಡವಾಯಿತು. ಇಷ್ಟಕ್ಕೆ ಕಪ್ಲಿಂಗಿನ ತೂತು ತಪ್ಪುತ್ತದೆ, ಬೋಲ್ಟು ಕೂರುವುದಿಲ್ಲ ಎಂದು ಪ್ರದೀಪ ವಿವರಿಸಿದ ಮೇಲೆ ಅವನ ದನಿಯೇ ಇಳಿದುಹೋಯಿತು. ಕೊನೆಗೆ ಸ್ಟೂಲಿನ ಕಡೆ ತಿರುಗಿದ.

“ನೀನಾದ್ರೂ ಹೇಳು ಶನಿಯಾರಣ್ಣ. ನಾಳೆ ಎಲ್ಲರ ಬೋಟೂ ಹೋಗ್ತದೆ. ನಂದೊಂದೇ ದಡದಲ್ಲಿ ಕೂತಿರೂದಾ?”

ಕೂತಿರುವುದು ಎಂದರೆ ಏನೆಂದು ಆ ಶೆಡ್ಡಿನಲ್ಲಿ ಶನಿಯಾರನಷ್ಟು ಬಲ್ಲವರು ಯಾರೂ ಇರಲಿಲ್ಲ. ಅವನು ಎದ್ದ. ಹಿಡಿಕೆಯನ್ನು ಭಾಸ್ಕರನ ಕೈಗೆ ಕೊಟ್ಟು, ಮೆಷಿನ್ನಿನ ತುದಿಗೆ ಅಂಗೈ ಒತ್ತಿ, ಮೇಜನ್ನು ಎರಡು ಸಲ ಹಿಂದೆ ಮುಂದೆ ಓಡಿಸಲು ಪ್ರದೀಪನಿಗೆ ಹೇಳಿದ.

“ನಟ್ಟಿನ ಗುಂಡಿನಲ್ಲಿ ಆಟ ಇಲ್ಲ. ಸ್ಕ್ರೂನೇ ಇಡೀ ಜರೀತದೆ. ಅದರ ತುದಿ ಹಿಡಿಯೂ ಈ ಬೇರಿಂಗಿನ ನಟ್ಟು ಬಿಗಿದವ್ರು ಯಾರು ಸಣ್ಣ ಹೆಗಡೇರೇ?”

“ನಾನೇ. ಪೂರಾ ಬಿಗಿದು…” ಪ್ರದೀಪ ಬಗ್ಗಿ ನಟ್ಟು ನೋಡಿದ.

“ಬಿಗಿದು?”

“ಕಾಲು ಸುತ್ತು ಹಿಂದೆ ಬಿಟ್ಟೆ.”

ಐಟಿಐ ಮುಗಿಸಿ ಬಂದ ಹೊಸದರಲ್ಲಿ ಅದನ್ನು ಪ್ರದೀಪನ ತಲೆಗೆ ಮೊಟಕಿ ಕಲಿಸಿದವನು ಶನಿಯಾರನೇ. ಉಪ್ಪುಗಾಳಿಯ ಊರು, ನಟ್ಟು ತುಕ್ಕು ಹಿಡಿದು ಕಚ್ಚಿಕೊಂಡರೆ ಬಿಚ್ಚಲು ಬಾರದು, ಯಾವುದನ್ನೇ ಬಿಗಿದರೂ ಕಾಲು ಸುತ್ತು ಆಟ ಬಿಡು ಎಂದಿದ್ದ. ಶಿಷ್ಯ ಮರೆತಿರಲಿಲ್ಲ. ಶನಿಯಾರನಿಗೆ ನಗು ಬಂತು. ಇದಕ್ಕೆ ಆಟ ಬಿಡಬಾರದು ಎಂದು ಹೇಳಿ ತಾನೇ ಪಾನಾ ಹಾಕಿದ. ಈ ಕಾಲು ಸುತ್ತಿನ ಜೊತೆಗೆ ತನ್ನ ಕೆಲಸವೂ ಮುಗಿಯುತ್ತದೆಂದು ಅವನಿಗೆ ಗೊತ್ತಿತ್ತು. ಆದರೂ ಬಿಗಿದ.

ಮುಳ್ಳು ಸೊನ್ನೆಗೆ ಬಂದು ನಿಂತಿತು. ಮೇಜು ತನ್ನಷ್ಟಕ್ಕೆ ಮುಂದೆ ಹೋಯಿತು, ಹಿಂದೆ ಬಂತು, ಕಪ್ಲಿಂಗಿಗೆ ಒಂದೊಂದೇ ತೂತು ಬೀಳತೊಡಗಿತು. ಭಾಸ್ಕರ ಬೋಟಿನವರಿಗೆ ಫೋನು ಹಚ್ಚಿ, ಆಟ ಮುಗೀತು, ಇನ್ನೊಂದು ತಾಸಿಗೆ ಬತ್ತೆ ಎಂದ. ಏನು ಆಟ, ಎಲ್ಲಿ ಆಟ ಎಂದು ಅವರು ಕೇಳುತ್ತಿರುವಾಗಲೇ ಫೋನು ಕಿಸೆಗೆ ಹಾಕಿದ. ಹಿಡಿಕೆಯನ್ನು ವಾಪಸು ಕೊಡಲೆಂದು ಶನಿಯಾರನ ಕಡೆ ತಿರುಗಿದವನು ಹಾಗೇ ನಿಂತ.

ಶನಿಯಾರ ಮೇಜನ್ನೇ ನೋಡುತ್ತ ನಿಂತಿದ್ದ. ಅವನ ಬಲಗೈ ಗಾಳಿಯಲ್ಲಿ ಮೆಲ್ಲಗೆ ತಿರುಗುತ್ತಿತ್ತು. ಮೇಜು ದಿಕ್ಕು ಬದಲಿಸಿದಾಗಲೆಲ್ಲ ಮುಂಗೈ ಒಂದಿಷ್ಟು ಹೆಚ್ಚಿಗೆ ಹೊರಳುತ್ತಿತ್ತು.

ಭಾಸ್ಕರ ಪ್ರದೀಪನ ಮೊಣಕೈ ತಿವಿದ.

“ಹೆಗಡೇರೇ, ಆಟ ಪೂರಾ ಹೋಗ್ಲಿಲ್ಲ. ಇಲ್ಲೊಂದು ಕಾಲು ಸುತ್ತು ಉಳ್ದದೆ ನೋಡಿ.”