ಲೆಕ್ಕಕ್ಕೆ ಸಿಗದ ಹೆಂಡತಿ

ಡ್ರಿಲ್ ಮೇಷ್ಟ್ರಿಗೆ ಜ್ವರ ಬಂದಿದ್ದನ್ನು ನೋಡಿ ಡಾಕ್ಟರಮ್ಮನಿಗೆ ತಮ್ಮ ಕಂಪ್ಯೂಟರಿನ ಮೇಲೇ ಸಿಟ್ಟು ಬಂತು. ಪಕ್ಕೆಯಲ್ಲಿ ಸಣ್ಣ ಸಣ್ಣ ತೂತು ಮಾಡಿ, ಶ್ವಾಸಕೋಶದ ಗಡ್ಡೆ ತೆಗೆದು ಎರಡು ದಿನವಾಗಿತ್ತು. ಆಪರೇಷನ್ನಿಗೆ ಮುಂಚೆ ಮೇಷ್ಟ್ರ ವಯಸ್ಸು, ಸಕ್ಕರೆ ಕಾಯಿಲೆ, ಉಸಿರಿನ ಬಲ, ಸಿಗರೇಟಿನ ಚಟ ಎಲ್ಲದರ ವಿವರ ಆ ಯಂತ್ರಕ್ಕೆ ಒಪ್ಪಿಸಿದ್ದರು. ಎದೆಗೆ ಸೋಂಕು ತಗಲುವ ಸಂಭವ ತೀರಾ ಕಡಿಮೆ ಎಂದು ಅದು ಭರವಸೆ ಕೊಟ್ಟಿತ್ತು. ಈಗ ನೋಡಿದರೆ ಎದೆಯೊಳಗೆ ಗೊರಗೊರ ಸದ್ದು.

"ಎಲ್ಲಿ ಮೇಷ್ಟ್ರೇ, ಒಂದ್ಸಲ ಜೋರಾಗಿ ಕೆಮ್ಮಿ, ನೋಡೋಣ."

ಮೇಷ್ಟ್ರು ಬಾಯಿ ತೆರೆದರು, ಹೆಂಡತಿಯ ಕಡೆ ನೋಡಿದರು, ಬಾಯಿ ಮುಚ್ಚಿದರು. 'ಒಂದು, ಎರಡು' ಎಂಬ ಇವರ ಕೂಗಿಗೆ ಇಡೀ ಶಾಲೆ ನಡುಗುತ್ತಿತ್ತು. ಇವರು ನಡುಗುತ್ತಿದ್ದುದು ಈಕೆಯ ಹುಬ್ಬಿಗೆ ಮಾತ್ರ.

"ಅಯ್ಯೋ, ಬೇಡ ಡಾಕ್ಟ್ರೇ!" ಆಕೆ ಹಾಸಿಗೆಗೆ ಅಡ್ಡ ನಿಂತರು. "ಆಪರೇಷನ್ ಆದ ದಿನ ಒಂದ್ಸಲ ಕೆಮ್ಮಿ ಕಣ್ಣಲ್ಲಿ ನೀರು ಹಾಕ್ಕೊಂಡ್ರು. ನನ್ನ ಕರುಳು ಕಿತ್ತು ಬಂದಂಗಾಯ್ತು. ಆಮೇಲೆ ಒಂದೇ ಒಂದು ಸಲಾನೂ ಕೆಮ್ಮೋಕೆ ಬಿಟ್ಟಿಲ್ಲ. ಗಂಟಲು ಕೆರೆದ್ರೆ ಸಾಕು, ಬಿಸಿನೀರು ಕುಡಿಸ್ತೀನಿ. ಉಸಿರಾಟದ ವ್ಯಾಯಾಮ ಮಾಡ್ಸೋಕೆ ಬಂದ ಹುಡುಗೀನ 'ಮಲಗಿದ್ದಾರೆ' ಅಂತ ಬಾಗಿಲಲ್ಲೇ ವಾಪಸ್ ಕಳಿಸ್ದೆ. ನಗಿಸ್ತಾನೆ ಅಂತ ಇವ್ರ ತಮ್ಮನ್ನೂ ಒಳಗೆ ಸೇರಿಸಿಲ್ಲ!"

ಹೇಳುವಾಗ ಆಕೆಯ ಮುಖ ಬಹುಮಾನ ಗೆದ್ದವರ ಹಾಗಿತ್ತು.

ಡಾಕ್ಟರಮ್ಮ ಹಣೆ ಚಚ್ಚಿಕೊಳ್ಳಲಿಲ್ಲ, ಅಷ್ಟೇ. ಕುರ್ಚಿ ಎಳೆದುಕೊಂಡು ಕೂತರು. "ಅಮ್ಮಾ, ಒಳಗೆ ಕಫ ಕಟ್ಕೊಂಡಿದೆ. ಕೆಮ್ಮಿದ್ರೇನೇ ಅದು ಹೊರಗೆ ಬರೋದು. ಅಲ್ಲೇ ಕೂತ್ರೆ ಸೋಂಕು ಆಗುತ್ತೆ. ಈಗ ಶುರುವಾಗಿರೋದೂ ಅದೇ. ಔಷಧಿ ಕೊಡ್ತೀನಿ, ಆದ್ರೆ ಅದೊಂದೇ ಸಾಲದು. ಹೀಗೇ ಬಿಟ್ರೆ ಐಸಿಯುಗೆ ಹಾಕ್ಬೇಕಾಗುತ್ತೆ."

ಆಕೆಯ ಮುಖದಲ್ಲಿ ರಕ್ತ ಇಂಗಿಹೋಯಿತು. "ಹಾಗಾದ್ರೆ... ಇದನ್ನ ತಂದಿಟ್ಟಿದ್ದು ನಾನೇನಾ?"

ಡಾಕ್ಟರಮ್ಮ ಕುರ್ಚಿಯನ್ನು ಆಕೆಯ ಹತ್ತಿರಕ್ಕೆ ಸರಿಸಿಕೊಂಡರು. "ತಪ್ಪು ನಮ್ದೂ ಇದೆ. ಇವ್ರ ಬಗ್ಗೆ ನೂರೆಂಟು ಪ್ರಶ್ನೆ ಕೇಳಿದ್ವಿ. ಪಕ್ಕದಲ್ಲಿ ಯಾರಿರ್ತಾರೆ, ಅವ್ರಿಗೆ ಏನು ಹೇಳ್ಕೊಡ್ಬೇಕು ಅಂತ ಯೋಚ್ನೆ ಮಾಡ್ಲಿಲ್ಲ." ಒಂದು ದಿಂಬನ್ನು ಆಕೆಯ ಕೈಗಿಟ್ಟರು. "ಅವ್ರು ಕೆಮ್ಮುವಾಗ ಇದನ್ನ ಗಾಯದ ಮೇಲೆ ಒತ್ತಿ ಹಿಡೀರಿ. ನೋವು ಸ್ವಲ್ಪ ಕಡಿಮೆ ಆಗುತ್ತೆ. ಪೂರ್ತಿ ಹೋಗಲ್ಲ."

ಆಕೆ ದಿಂಬು ಒತ್ತಿ ಹಿಡಿದರು. ಮೇಷ್ಟ್ರು ಕೆಮ್ಮಿದರು. ಅವರ ಮೈ ಮುದುಡಿಹೋಯಿತು. ಆಕೆಯ ಕಣ್ಣಿಂದ ನೀರು ದಳದಳ ಇಳಿಯಿತು.

"ಸಾಕು ಬಿಡೇ," ಎಂದರು ಮೇಷ್ಟ್ರು ಏದುಸಿರು ಬಿಡುತ್ತಾ. "ನೀನು ಅಳೋದು ನನ್ನ ಕೈಲಿ ನೋಡೋಕಾಗಲ್ಲ."

ಆಕೆ ಭುಜಕ್ಕೆ ಕೆನ್ನೆ ಒರೆಸಿಕೊಂಡು ದಿಂಬನ್ನು ಇನ್ನೂ ಬಿಗಿಯಾಗಿ ಒತ್ತಿದರು.

"ನನ್ನ ಮುಖ ನೋಡ್ಬೇಡಿ. ಗೋಡೆ ನೋಡ್ಕೊಂಡು ಕೆಮ್ಮಿ. ಹೂಂ... ಒಂದು, ಎರಡು..."