ನೆಲಮಾಳಿಗೆಗೆ ಹೊಸ ಕಿಟಕಿ

ಕಿಟಕಿಗೆ ಗಾಜು ಕೂರಿಸುವ ಪುಟ್ಟಿಯ ವಾಸನೆ ಬಂದರೆ ಈಗಲೂ ನನಗೆ ಪಾಣೆಮಂಗಳೂರಿನ ನಮ್ಮ ನೆಲಮಾಳಿಗೆ ನೆನಪಾಗುತ್ತದೆ. ದುಬೈಯಲ್ಲಿ ಆಫೀಸು ಕೆಲಸವೆಂದು ಊರಿಗೆಲ್ಲ ಹೇಳಿದ್ದ ಅಪ್ಪ, ರಜೆಯಲ್ಲಿ ಬಂದು ಅಲ್ಲಿನ ಗೆದ್ದಲು ತಿಂದ ಕಿಟಕಿಗಳನ್ನು ತಾವೇ ಬದಲಿಸುತ್ತಿದ್ದರು. ಅವರ ಹೆಬ್ಬೆರಳು ಎಣ್ಣೆಪುಟ್ಟಿಯನ್ನು ಗಾಜಿನಂಚಿಗೆ ಒಂದೇ ಎಳೆತಕ್ಕೆ ಕೂರಿಸುತ್ತಿತ್ತು.

"ಎಸಿಯಲ್ಲಿ ಕೂತು ಇದನ್ನು ಕಲಿತದ್ದಾ ಮೋನೆ?" ಎಂದು ಮಗನನ್ನು ಕೇಳಿದರು ಅಜ್ಜಿ. ಅಪ್ಪ ಇನ್ನೊಂದು ಅಂಚಿಗೆ ಪುಟ್ಟಿ ಎಳೆದರು.

ಅಷ್ಟರಲ್ಲಿ ಕಿಟಕಿಯ ಹೊರಗೆ ನೆರೆಮನೆಯ ಹಾಜಿಯವರ ಚಪ್ಪಲಿ ಕಾಣಿಸಿತು. "ಭಾರೀ ಲಾಯ್ಕ ಉಂಟಲ್ಲ! ಯಾರ ಕೆಲಸ?"

ಅಪ್ಪ ಪುಟ್ಟಿ ಮೆತ್ತಿದ ಕೈ ಹಿಂದಕ್ಕೆಳೆದು, ಹೊರಗೆ ಕಾಣದಂತೆ ಗೋಡೆಯ ಬುಡಕ್ಕೆ ಕುಕ್ಕರಿಸಿದರು.

"ಆಚಾರಿಯದ್ದು," ಎಂದರು ಅಜ್ಜಿ ತಟ್ಟನೆ.

"ಅವ ಎಲ್ಲಿ?"

ಊರವರನ್ನೆಲ್ಲ ಅಣಕಿಸಿ ಪೆಟ್ಟು ತಿನ್ನುತ್ತಿದ್ದ ಕಪಿ ನಾನು. ಊರಿನ ಬಡಗಿ ಆಚಾರಿಯಂತೆಯೇ ಕೆಮ್ಮಿ, ಗೊಗ್ಗರು ದನಿಯಲ್ಲಿ ಕೂಗಿದೆ: "ಇಲ್ಲೇ ಇದ್ದೇನೆ ಮಾರಾಯ್ರೆ, ಕೈತುಂಬ ಪುಟ್ಟಿ!"

ಚಪ್ಪಲಿಗಳು ಮುಂದೆ ಹೋದವು. ಅಪ್ಪ ನನ್ನನ್ನೇ ನೋಡಿದರು. ಆಮೇಲೆ ಮೆಲ್ಲನೆ, "ಇನ್ನೊಂದು ಗಾಜು ಕೊಡಿ ಆಚಾರ್ರೆ," ಎಂದರು.